ಅಟ್ಟವನ್ನು ಕೋಣೆಯಾಗಿಸುವಾಗ ಒಳಬಾಗಿಲುಗಳ ಅಗ್ನಿಸುರಕ್ಷತೆ

ಇಂಗ್ಲೆಂಡಿನಲ್ಲಿ ಎರಡು ಅಂತಸ್ತಿನ ಮನೆಯ ಅಟ್ಟವನ್ನು ಮಲಗುವ ಕೋಣೆಯಾಗಿ ಮಾರ್ಪಡಿಸುವವರು ಹೆಚ್ಚಾಗಿ ಹೊಸ ಕೋಣೆಯ ಬಾಗಿಲೊಂದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಸರ್ಕಾರದ ಮಾರ್ಗದರ್ಶಿಯಾದ ‘ಅಪ್ರೂವ್ಡ್ ಡಾಕ್ಯುಮೆಂಟ್ ಬಿ’ಯ ಮೊದಲ ಸಂಪುಟ ಗಮನಿಸುವುದು ಮೆಟ್ಟಿಲನ್ನು. ಹೊಸ ಮಹಡಿಯ ನೆಲ ಹೊರಗಿನ ನೆಲಮಟ್ಟದಿಂದ 4.5 ಮೀಟರಿಗಿಂತ ಎತ್ತರದಲ್ಲಿದ್ದರೆ ಕಿಟಕಿಯಿಂದ ಪಾರಾಗುವುದನ್ನು ನಂಬುವಂತಿಲ್ಲ. ಹಾಗಾಗಿ ಅಟ್ಟದಿಂದ ಮನೆಯ ಹೊರಬಾಗಿಲಿನವರೆಗೂ ಮೆಟ್ಟಿಲಿನ ದಾರಿಯನ್ನು 30 ನಿಮಿಷ ಬೆಂಕಿ ತಡೆಯುವ ಗೋಡೆಗಳು ಸುತ್ತುವರಿದಿರಬೇಕು, ಆ ದಾರಿಗೆ ತೆರೆಯುವ ಬಾಗಿಲುಗಳೂ ಬೆಂಕಿಯನ್ನು ತಡೆಯುವಂಥವಾಗಿರಬೇಕು. ಬಾಗಿಲಿನ ಕೆಲಸದ ಬಹುಪಾಲು, ಹೀಗಾಗಿ, ಕೆಳಗಿನ ಹಳೆಯ ಕೋಣೆಗಳಲ್ಲೇ ಇರುತ್ತದೆ.

ಮೊದಲು ಮನೆಯ ನಕ್ಷೆಯ ಮೇಲೆ ಮೆಟ್ಟಿಲಿಗೂ ಅದರ ಹಜಾರಕ್ಕೂ ತೆರೆಯುವ ಪ್ರತಿಯೊಂದು ಬಾಗಿಲನ್ನು ಗುರುತಿಸಿಕೊಳ್ಳಿ. ಮಲಗುವ ಕೋಣೆ, ಕುಳಿತುಕೊಳ್ಳುವ ಕೋಣೆಗಳ ಜೊತೆಗೆ ಅಡುಗೆಮನೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಸ್ನಾನಗೃಹ ಮತ್ತು ಶೌಚಾಲಯವನ್ನು ಮನೆಯ ಉಳಿದ ಭಾಗದಿಂದ ಬೇರ್ಪಡಿಸುವ ಗೋಡೆಗಳು ಬೆಂಕಿ ತಡೆಯುವಂತಿದ್ದರೆ ಅವುಗಳ ಬಾಗಿಲಿಗೆ ವಿನಾಯಿತಿ ಉಂಟು. ಮೆಟ್ಟಿಲಿನ ಕೆಳಗಿನ ಕಪಾಟಿನ ಬಾಗಿಲನ್ನು ಏನು ಮಾಡಬೇಕೆಂದು ಕಟ್ಟಡ ನಿಯಮಗಳ ಪಾಲನೆಯನ್ನು ನೋಡುವ ಪರಿಶೀಲನಾಧಿಕಾರಿಯನ್ನು ಮುಂಚೆಯೇ ಕೇಳಿಬಿಡುವುದು ಲೇಸು. ಮೆಟ್ಟಿಲು ನೇರವಾಗಿ ಕುಳಿತುಕೊಳ್ಳುವ ಕೋಣೆಗೇ ಇಳಿಯುವ ಮನೆಯಲ್ಲಿ ಬಾಗಿಲು ಬದಲಿಸಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯದು; ಅಲ್ಲಿ ಹೊಸ ಗೋಡೆ ಕಟ್ಟಬೇಕಾಗುತ್ತದೆ, ಇಲ್ಲವೇ ಸ್ಪ್ರಿಂಕ್ಲರ್ (ಬೆಂಕಿ ಬಿದ್ದಾಗ ತಾನಾಗಿ ನೀರು ಚಿಮ್ಮಿಸುವ ವ್ಯವಸ್ಥೆ) ಸೇರಿದ ಬೇರೆ ವಿನ್ಯಾಸಕ್ಕೆ ಒಪ್ಪಿಗೆ ಪಡೆಯಬೇಕಾಗುತ್ತದೆ.

ಮಾರ್ಗದರ್ಶಿ ಇಲ್ಲಿ ಕೇಳುವುದು 20 ನಿಮಿಷ ತಡೆಯುವ ಎಫ್‌ಡಿ20 ಬಾಗಿಲನ್ನಷ್ಟೇ. ಆದರೂ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಎಫ್‌ಡಿ30 ಆದ್ದರಿಂದ ಅದನ್ನೇ ಕೊಳ್ಳುವುದು ನನ್ನ ಮಟ್ಟಿಗೆ ಸರಿಯಾದ ಆಯ್ಕೆ. ಇದು ಸಾಮಾನ್ಯವಾಗಿ 44 ಮಿ.ಮೀ. ದಪ್ಪವಿದ್ದು ಭಾರವಾಗಿರುವುದರಿಂದ, ತೆಳುವಾದ ಬಾಗಿಲಿಗೆಂದು ಮಾಡಿದ ಹಳೆಯ ಚೌಕಟ್ಟು ಹಲವು ಬಾರಿ ಹೊಂದುವುದಿಲ್ಲ. ಚೌಕಟ್ಟಿನ ಖರ್ಚನ್ನೂ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಪ್ರಮಾಣಪತ್ರವಿರುವ ಬಾಗಿಲನ್ನು ಬಡಗಿ ಅಜಾಗರೂಕತೆಯಿಂದ ಕೂರಿಸಿದರೆ ಅದಕ್ಕೂ ಸಾಧಾರಣ ಬಾಗಿಲಿಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಬಾಗಿಲಿನ ಮೇಲಂಚಿಗೂ ಎರಡು ಪಕ್ಕಗಳಿಗೂ ಚೌಕಟ್ಟಿನಿಂದ ಸುಮಾರು 2ರಿಂದ 4 ಮಿ.ಮೀ. ಸಂದು ಮಾತ್ರ ಇರಬೇಕು. ಆ ಸಂದಿನುದ್ದಕ್ಕೂ, ಬಾಗಿಲಿನ ಅಂಚಿನಲ್ಲೋ ಚೌಕಟ್ಟಿನಲ್ಲೋ ಕೊರೆದ ತೋಡಿನಲ್ಲಿ, ಕಾವು ತಗುಲಿದಾಗ ಉಬ್ಬಿ ಸಂದನ್ನು ಮುಚ್ಚುವ ಇಂಟ್ಯುಮೆಸೆಂಟ್ ಪಟ್ಟಿಯನ್ನು ಕೂರಿಸಬೇಕು. ಸಂದು ಅಗಲವಾದರೆ ಉಬ್ಬಿದ ಪಟ್ಟಿಗೂ ಅದನ್ನು ತುಂಬಲಾಗದು. ಬೆಂಕಿಬಾಗಿಲಿಗೆ ಪರೀಕ್ಷಿಸಲಾದ ಉಕ್ಕಿನ ಕೀಲುಗಳನ್ನೇ ಬಳಸಿ, ಸಾಮಾನ್ಯವಾಗಿ ಬಾಗಿಲಿಗೆ ಮೂರರಂತೆ. ಅಂಚುಗಳನ್ನು ಎಷ್ಟು ಹೆರೆಯಬಹುದೆಂಬುದನ್ನು ತಯಾರಕರ ಸೂಚನಾಪತ್ರ ಹೇಳುತ್ತದೆ, ಆ ಮಿತಿ ಮೀರಿದರೆ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ. ಚೌಕಟ್ಟಿಗೂ ಗೋಡೆಗೂ ನಡುವೆ ಉಳಿಯುವ ಸಂದನ್ನು ಮರದ ಪಟ್ಟಿ ಹೊಡೆದು ಮರೆಮಾಡುವ ಮೊದಲು, ಒಳಗೆ ಮಿನರಲ್ ವೂಲ್ (ಬೆಂಕಿ ಹಿಡಿಯದ ಖನಿಜ ನಾರು) ಅಥವಾ ಅಗ್ನಿನಿರೋಧಕ ಸೀಲೆಂಟ್ ತುಂಬಿದ್ದಾರೆಯೇ ಎಂದು ನೀವೇ ನಿಂತು ನೋಡಿ.

ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂತೆ ಮಾಡುವ ಸಾಧನ ಮನೆಯೊಳಗಿನ ಬಾಗಿಲುಗಳಿಗೆ ಕಡ್ಡಾಯವಲ್ಲ. ಮನೆಗೆ ಅಂಟಿಕೊಂಡ ಗ್ಯಾರೇಜಿನ ಬಾಗಿಲಿಗೆ ಮಾತ್ರ ಅದು ಬೇಕು, ಅಲ್ಲಿ ಹೊಗೆಯನ್ನೂ ತಡೆಯುವ ಎಫ್‌ಡಿ30ಎಸ್ ಬಾಗಿಲೇ ಆಗಬೇಕು. ಹಾಗಾಗಿ ರಾತ್ರಿ ಮಲಗುವ ಮುನ್ನ ಬಾಗಿಲುಗಳನ್ನು ಮುಚ್ಚುವ ಹೊಣೆ ಮನೆಯವರದೇ. ಬಾಗಿಲುಗಳ ಜೊತೆಗೆ, ವಿದ್ಯುತ್ ಸಂಪರ್ಕವಿರುವ, ಒಂದು ಕೂಗಿದರೆ ಎಲ್ಲವೂ ಕೂಗುವಂತೆ ಜೋಡಿಸಿದ ಹೊಗೆ ಎಚ್ಚರಿಕೆ ಗಂಟೆಗಳನ್ನು ಪ್ರತಿ ಮಹಡಿಯ ಮೆಟ್ಟಿಲಿನ ಹಾದಿಯಲ್ಲಿ ಹಾಕಿಸಬೇಕು.

ಹಳೆಯ ಮನೆಯ ಚೆಂದದ ಹಲಗೆಬಾಗಿಲುಗಳನ್ನು ಕಿತ್ತೆಸೆಯಲು ಯಾರಿಗೂ ಮನಸ್ಸಾಗುವುದಿಲ್ಲ. ಅವುಗಳ ತೆಳ್ಳನೆಯ ಫಲಕಗಳಿಗೆ ಇಂಟ್ಯುಮೆಸೆಂಟ್ ಬಣ್ಣ ಅಥವಾ ಹಾಳೆ ಹಚ್ಚಿ ಬಲಪಡಿಸುವ ಪದ್ಧತಿಗಳಿವೆ, ಆದರೆ ಪರೀಕ್ಷಾ ದಾಖಲೆಯನ್ನು ತೋರಿಸಿ ಪರಿಶೀಲನಾಧಿಕಾರಿಯ ಒಪ್ಪಿಗೆ ಪಡೆದ ಮೇಲೆಯೇ ಕೈಹಾಕಬೇಕು. ಸಾಧಾರಣ ಗಾಜಿರುವ ಬಾಗಿಲು ಮಾತ್ರ ಉಳಿಯುವಂತಿಲ್ಲ.

ಈ ಪರಿಶೀಲನೆಯನ್ನು ಸ್ಥಳೀಯ ಕೌನ್ಸಿಲಿನ ಬಿಲ್ಡಿಂಗ್ ಕಂಟ್ರೋಲ್ ವಿಭಾಗವೋ ನೋಂದಾಯಿತ ಖಾಸಗಿ ಸಂಸ್ಥೆಯೋ ನಡೆಸುತ್ತದೆ. ಕೊನೆಗೆ ಅವರು ಕೊಡುವ ಪೂರ್ಣತಾ ಪತ್ರವಿಲ್ಲದೆ ಮುಂದೆ ಮನೆ ಮಾರುವಾಗ ತೊಡಕಾಗುತ್ತದೆ. ಬಾಗಿಲಿನ ಮೇಲಂಚಿನಲ್ಲಿ ತಯಾರಕರ ಲೇಬಲ್ ಅಥವಾ ಬಣ್ಣದ ಗುರುತಿನ ಬಿರಡೆ ಇದ್ದರೆ, ಅದರ ಮೇಲೆ ಬಣ್ಣ ಬಳಿಯದಂತೆ ಪೇಂಟರಿಗೆ ಮೊದಲೇ ಹೇಳಿಡಿ.