ತೂಗುಸೇತುವೆಯ ಹಲಗೆ ಇರಲಿ, ಮೊದಲು ಹಗ್ಗದ ಬುಡ ನೋಡಿ

ಕಳಸ ಸೀಮೆಯಲ್ಲಿ ಭದ್ರಾ ಹೊಳೆಯ ಆಚೆ ದಡದಲ್ಲಿ ನಮ್ಮ ಮನೆಗಳಿವೆ. ಹಿಂದೆ ಗುಡ್ಡ, ಮುಂದೆ ಹೊಳೆ, ಪಕ್ಕದಲ್ಲೊಂದು ಹಳ್ಳ. ಬೇಸಿಗೆಯಲ್ಲಿ ಹಳ್ಳ ದಾಟಿ ಜೀಪು ಬರುತ್ತದೆ. ಆರಿದ್ರಾ ಮಳೆ ಹಿಡಿಯಿತು ಅಂದರೆ ನಾವು ನಡುಗಡ್ಡೆಯವರು. ರೇಷನ್, ಶಾಲೆ, ಆಸ್ಪತ್ರೆ ಎಲ್ಲಕ್ಕೂ ಇರುವುದು ಒಂದು ತೂಗುಸೇತುವೆ. ಅದನ್ನು ನೋಡಿಕೊಳ್ಳುವ ಕೆಲಸ ಕೆಲವು ವರ್ಷಗಳಿಂದ ನನ್ನದು. ಯಾರೂ ನೇಮಿಸಿದ್ದಲ್ಲ. ಪಾನಾ ಸೆಟ್ ನನ್ನ ಹತ್ತಿರ ಇತ್ತು, ಅಷ್ಟೆ.

ಜನ ಹೇಳುವ ದೂರೆಲ್ಲ ಹಲಗೆಯದ್ದೇ. ಹಲಗೆ ಅಲ್ಲಾಡುತ್ತೆ, ಜಾರುತ್ತೆ, ಒಂದು ತುದಿ ಎದ್ದಿದೆ. ಕಾಲಿಗೆ ಸಿಗುವುದು ಅದೇ ಅಲ್ವಾ. ಆದರೆ ಒಂದು ಹಲಗೆ ಹೋದರೆ ಒಬ್ಬರ ಕಾಲು ಸಿಕ್ಕಿಕೊಳ್ಳಬಹುದು. ಹಗ್ಗ ಹೋದರೆ ಸೇತುವೆಯೇ ಹೊಳೆಗೆ. ಹಾಗಾಗಿ ನಾನು ಕೆಲಸ ಶುರು ಮಾಡುವುದು ದಡದ ಕಾಂಕ್ರೀಟ್ ಬ್ಲಾಕಿನ ಹತ್ತಿರ, ಉಕ್ಕಿನ ಹಗ್ಗ ಬಂದು ಕಟ್ಟಿಕೊಳ್ಳುವ ಕಡೆ. ಅಲ್ಲಿ ತರಗೆಲೆ ಬಿದ್ದು, ಮಣ್ಣು ಕೂತು, ವರ್ಷವಿಡೀ ಪಸೆ ಆರುವುದಿಲ್ಲ. ನಡು ಹೊಳೆಯ ಮೇಲೆ ಗಾಳಿ ಬಿಸಿಲಿಗೆ ಒಣಗುವ ಹಗ್ಗ ಚೆನ್ನಾಗಿಯೇ ಇರುತ್ತದೆ. ತುಕ್ಕು ತಿನ್ನುವುದು ಈ ಬುಡವನ್ನು.

ಕೆಲಸಕ್ಕೆ ಸರಿಯಾದ ಕಾಲ ಭರಣಿ ಮಳೆಯಿಂದ ರೋಹಿಣಿ ಮಳೆಯೊಳಗೆ, ನಾಲ್ಕು ದಿನ ಬಿಸಿಲು ಬಿದ್ದಾಗ. ಒದ್ದೆ ಹಗ್ಗಕ್ಕೆ ಗ್ರೀಸ್ ಬಳಿಯಲೇಬಾರದು. ನೀರು ಒಳಗೇ ಉಳಿದು ತುಕ್ಕು ಜಾಸ್ತಿ ಆಗುತ್ತದೆ. ಮೊದಲು ಎಲೆ, ಮಣ್ಣು ತೆಗೆದು ಹಗ್ಗ ಬರಿದು ಮಾಡುತ್ತೇವೆ. ವೈರ್ ಬ್ರಷ್‌ನಲ್ಲಿ ಉಜ್ಜುತ್ತೇವೆ. ಆಮೇಲೆ ಕೈಗೆ ದಪ್ಪ ಗ್ಲೌಸ್ ಹಾಕಿ, ಹಳೇ ಪಂಚೆ ತುಂಡೊಂದನ್ನು ಹಗ್ಗಕ್ಕೆ ಸುತ್ತಿ ಮೆಲ್ಲಗೆ ಎಳೆಯುತ್ತಾ ಹೋಗುವುದು. ಎಲ್ಲಿ ಎಳೆ ಕಡಿದಿದೆಯೋ ಅಲ್ಲಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಆ ಜಾಗಕ್ಕೆ ಬಣ್ಣ ಹಚ್ಚಿ ಫೋಟೋ ತೆಗೆದಿಟ್ಟರೆ ಮುಂದಿನ ವರ್ಷ ಹೆಚ್ಚಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಎಳೆಗಳ ಸಂದಿಯಿಂದ ಕೆಂಪು ಪುಡಿ ಉದುರಿದರೆ ಒಳಗಿನಿಂದಲೇ ತುಕ್ಕು ಹಿಡಿದಿದೆ ಎಂದರ್ಥ. ಅದು ಗ್ರೀಸಿನಲ್ಲಿ ಮುಗಿಯುವ ಕೆಲಸವಲ್ಲ, ತಿಳಿದವರನ್ನು ಕರೆಸಬೇಕು. ಸರಿಯಿದ್ದ ಹಗ್ಗಕ್ಕೆ ಮೊದಲು ತೆಳು ಎಣ್ಣೆ ಕುಡಿಸಿ, ಅದರ ಮೇಲೆ ಗ್ರೀಸ್. ಬರೀ ಗ್ರೀಸ್ ಒಳಗೆ ಇಳಿಯುವುದಿಲ್ಲ, ದೋಸೆ ಮೇಲಿನ ಬೆಣ್ಣೆ ಹಾಗೆ ಮೇಲೇ ಕೂರುತ್ತದೆ.

ಇನ್ನು ಕ್ಲಾಂಪು, ಅಂದರೆ ಮಡಚಿದ ಹಗ್ಗದ ಎರಡು ಎಳೆಯನ್ನು ಸೇರಿಸಿ ಬಿಗಿಯುವ ಕಬ್ಬಿಣದ ಹಿಡಿ. ಹಗ್ಗ ಮಡಚಿ ಬಿಗಿದ ಕಡೆ ಕ್ಲಾಂಪಿನ ಅಗಲದ ಭಾಗ ಭಾರ ಹೊರುವ ಹಗ್ಗದ ಮೇಲೆ ಕೂರಬೇಕು. ಯು ಬೋಲ್ಟಿನ ಬಾಗು ಸುಮ್ನೆ ಉಳಿದ ತುದಿಯ ಮೇಲೆ. ತಿರುಗಾ ಮುರುಗಾ ಹಾಕಿದರೆ ಬೋಲ್ಟು ಭಾರ ಹೊತ್ತ ಹಗ್ಗವನ್ನೇ ಜಜ್ಜುತ್ತದೆ. ಕ್ಲಾಂಪುಗಳ ನಡುವೆ ಹಗ್ಗದ ದಪ್ಪದ ಆರರಷ್ಟು ಅಂತರ ಬೇಕು. ಹೊಸ ಕ್ಲಾಂಪು ಹಾಕಿ ಜನ ಓಡಾಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ಭಾರಕ್ಕೆ ಹಗ್ಗ ಸ್ವಲ್ಪ ಸಣ್ಣಗಾಗಿ ನಟ್ಟು ಸಡಿಲವಾಗಿರುತ್ತದೆ.

ಹಲಗೆಗೆ ತೋಟದವರೆಲ್ಲ ಸಿಲ್ವರ್ ಓಕ್ ಮರ ಕೊಡಲು ತಯಾರು. ಪುಕ್ಕಟೆ ಸಿಗುತ್ತದೆ, ನಿಜ. ಆದರೆ ನಮ್ಮ ಮಳೆಗೆ ಅದು ಬೇಗ ಮೆತ್ತಗಾಗುತ್ತದೆ. ಹೆಬ್ಬಲಸು ಬಾಳುತ್ತದೆ, ದುಡ್ಡೂ ಜಾಸ್ತಿ. ಎರಡೂ ಬದಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿದು, ಹಲಗೆ ನಡುವೆ ಬೆರಳು ಸಂದಿ ಬಿಟ್ಟರೆ ನೀರು ನಿಲ್ಲುವುದಿಲ್ಲ. ಪಾಚಿಗೆ ಕತ್ತದ ಬ್ರಷ್ಷೇ ಮದ್ದು.

ಇವೆಲ್ಲ ಕೈಕೆಲಸ, ಕಲಿಯಬಹುದು. ಕಷ್ಟವಿರುವುದು ಸೇತುವೆ ಮುಚ್ಚುವುದರಲ್ಲಿ. ಇಲ್ಲಿ ಹನಿ ಮಳೆ ಇಲ್ಲದಿದ್ದರೂ ಕುದುರೆಮುಖದ ಕಡೆ ಸುರಿದರೆ ಹೊಳೆ ಏರುತ್ತದೆ. ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗಿದ ಸುದ್ದಿ ಬಂತೆಂದರೆ ನಾನು ಟಾರ್ಚು ಹಿಡಿದು ಇಳಿಯುತ್ತೇನೆ. ಕಂಬಕ್ಕೆ ಕೆಂಪು ಗೆರೆ ಎಳೆದಿದ್ದೇವೆ. ನೀರು ಅಲ್ಲಿಗೆ ಮುಟ್ಟಿದರೆ ಗೇಟಿಗೆ ಬೀಗ. ಭಯ ನೀರಿಗಿಂತ ತೇಲಿ ಬರುವ ಮರ, ಬಿದಿರು ಮೆಳೆಯದ್ದು. "ಒಂದ್ಸಲ ಬಿಡು ಮಾರಾಯ, ಡೈರಿಗೆ ಹಾಲು ಹಾಕಿ ಬರ್ತೀನಿ" ಅಂತ ಪಕ್ಕದ ಮನೆ ಅಣ್ಣ ಜಗಳಕ್ಕೇ ನಿಂತಿದ್ದರು. ಅದಕ್ಕೇ ಈಗ ಬೀಗದ ಕೈ ಇಬ್ಬರ ಹತ್ತಿರ ಇಟ್ಟು, ಇಬ್ಬರೂ ಒಪ್ಪದೆ ತೆಗೆಯುವಂತಿಲ್ಲ ಎಂದು ಮಾತು ಮಾಡಿಕೊಂಡಿದ್ದೇವೆ. ಗರ್ಭಿಣಿಯರು, ಡಯಾಲಿಸಿಸ್ ಇರುವವರು ಆಶ್ಲೇಷ ಮುಗಿಯುವವರೆಗೆ ಪೇಟೆ ಬದಿಯ ನೆಂಟರ ಮನೆಯಲ್ಲಿರುತ್ತಾರೆ. ತೆಪ್ಪ ಇದೆ, ಆದರೆ ಅದು ನೀರು ಇಳಿದ ಮೇಲೆ. ಕೆಂಪು ನೀರಿಗೆ ತೆಪ್ಪ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಹೇಗೂ ಕಾಂಕ್ರೀಟ್ ಸೇತುವೆ ಬರುತ್ತದೆ, ಇದಕ್ಕೇಕೆ ಖರ್ಚು ಎನ್ನುವವರೂ ಇದ್ದಾರೆ. ಬರಲಿ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ತುಂಬಿದ್ದು 1960ರ ದಶಕದಲ್ಲಿ. ಆ ಹಿನ್ನೀರು ದಾಟುವ ಸಿಗಂದೂರಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಆ ಕಡೆಯವರು ಲಾಂಚನ್ನೇ ನಂಬಿದ್ದರು. ಸುಳ್ಯದ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಹಾಕಿದ್ದೂ ಜನ ದೊಡ್ಡ ಸೇತುವೆಗಾಗಿ ಕಾಯಲಾರದೆ.

ನಮ್ಮಲ್ಲಿ ಮನೆಗೊಂದಾಳು ಶ್ರಮದಾನಕ್ಕೆ ಬರುತ್ತಾರೆ. ಬರಲಾಗದವರು ಆಳಿನ ಕೂಲಿ ಕೊಡುತ್ತಾರೆ. ಎಣ್ಣೆ, ಗ್ರೀಸು, ಹಲಗೆಗೆ ಅಡಿಕೆ ಮಾರಿದ ಮೇಲೆ ವಸೂಲಿ. ಹಗ್ಗವನ್ನೇ ಬದಲಿಸುವುದು ಮಾತ್ರ ನಮ್ಮ ಕೈಯಲ್ಲಾಗುವ ಮಾತಲ್ಲ. ಅದಕ್ಕೆ ಪಂಚಾಯಿತಿಗೆ ಅರ್ಜಿ ಕೊಡುವಾಗ ಮುರಿದ ಹಲಗೆಯ ಫೋಟೋ ಇಡಬೇಡಿ, ಹಲಗೆ ಹಾಕಿಸಿ ಕೈ ತೊಳೆದುಕೊಳ್ಳುತ್ತಾರೆ. ಬುಡದಲ್ಲಿ ಎಳೆ ಕಡಿದ ಜಾಗದ ಫೋಟೋಗಳನ್ನು ವರ್ಷವಾರು ಜೋಡಿಸಿ ಕೊಡಿ.