ನನ್ನ ಅನುಭವ: ಬಟನ್ ಒತ್ತಿದರೂ ಆಟೋಪೈಲಟ್ ಬಿಡುತ್ತಿರಲಿಲ್ಲ

ಎಕ್ಸ್-ಪ್ಲೇನ್ 12 ಎಂಬ ವಿಮಾನ ಸಿಮ್ಯುಲೇಟರಿನಲ್ಲಿ ಆಡ್-ಆನ್ (ಬೇರೆಯಾಗಿ ಸೇರಿಸುವ) 737 ವಿಮಾನ ಹಾಕಿದ ಮೇಲೆ ಜಾಯ್‌ಸ್ಟಿಕ್ ಟ್ರಿಗರ್ ಒತ್ತಿದರೂ ಆಟೋಪೈಲಟ್ (ವಿಮಾನವನ್ನು ತಾನೇ ಹಾರಿಸುವ ವ್ಯವಸ್ಥೆ) ನಿಯಂತ್ರಣ ಬಿಡುತ್ತಿರಲಿಲ್ಲ. ಸೆಸ್ನಾ ಎಂಬ ಸಣ್ಣ ವಿಮಾನದಲ್ಲಿ ಅದೇ ಟ್ರಿಗರ್ ಕೆಲಸ ಮಾಡುತ್ತಿತ್ತು. ಅಂದರೆ ಬಟನ್ ಕೆಟ್ಟಿಲ್ಲ.

ಟ್ರಿಗರ್‌ಗೆ ಸಿಮ್ಯುಲೇಟರಿನ ಸಾಮಾನ್ಯ ಕಮಾಂಡ್ ಹೊಂದಿಸಿದ್ದೇ ಕಾರಣ. ಇಂಥ ಆಡ್-ಆನ್‌ಗಳು ಆಟೋಪೈಲಟ್ಟನ್ನು ತಮ್ಮದೇ ಸಣ್ಣ ಪ್ರೋಗ್ರಾಂ ಆದ ಪ್ಲಗಿನ್‌ನಲ್ಲಿ ನಡೆಸುತ್ತವೆ, ಸಾಮಾನ್ಯ ಕಮಾಂಡ್ ಅಲ್ಲಿಗೆ ಮುಟ್ಟದೇ ಹೋಗಬಹುದು.

ಮೊದಲು ಆ ವಿಮಾನವನ್ನೇ ಲೋಡ್ ಮಾಡಿ. ಅದರ ಸ್ವಂತ ಕಮಾಂಡ್‌ಗಳು ಆಗ ಮಾತ್ರ ಪಟ್ಟಿಗೆ ಬರುತ್ತವೆ, ಹೆಚ್ಚಿನವರು ಎಡವುವುದು ಇಲ್ಲೇ. ಸೆಟ್ಟಿಂಗ್ಸ್‌ನ ಜಾಯ್‌ಸ್ಟಿಕ್ ಪುಟದಲ್ಲಿ ಹೊಸ ಪ್ರೊಫೈಲ್ ಮಾಡಿ ಈ ವಿಮಾನಕ್ಕೆ ಜೋಡಿಸಿ. ಇಲ್ಲದಿದ್ದರೆ ಸೆಸ್ನಾದ ಹೊಂದಾಣಿಕೆಯೂ ಕೆಡುತ್ತದೆ. ಟ್ರಿಗರ್ ಒತ್ತಿ, ಪರದೆಯಲ್ಲಿ ಯಾವ ಬಟನ್ ಹೊಳೆಯಿತೋ ಅದರ ಎಡಿಟ್ ತೆರೆದು, ಹುಡುಕುವ ಜಾಗದಲ್ಲಿ ‘ಡಿಸ್‌ಕನೆಕ್ಟ್’ ಎಂದು ಇಂಗ್ಲಿಷಿನಲ್ಲೇ ಟೈಪಿಸಿ. ಒಂದಕ್ಕಿಂತ ಹೆಚ್ಚು ಬಂದರೆ ವಿಮಾನದ ಹೆಸರಿರುವುದನ್ನೇ ಆರಿಸಿ.

ಪರೀಕ್ಷೆಗೆ ನಮ್ಮ ದಾವಣಗೆರೆಯವರಿಗೆ ಹುಬ್ಬಳ್ಳಿ ನಿಲ್ದಾಣ ಚೆನ್ನ. ಮೇಲೇರಿ ಆಟೋಪೈಲಟ್ ಹಾಕಿ, ಟ್ರಿಗರ್ ಒತ್ತಿ: ಮೊದಲ ಒತ್ತಿಗೆ ಆಟೋಪೈಲಟ್ ನಿಯಂತ್ರಣ ಬಿಟ್ಟುಕೊಟ್ಟು ಎಚ್ಚರಿಕೆ ಸದ್ದು ಶುರುವಾಗಬೇಕು, ಎರಡನೆಯದಕ್ಕೆ ಸದ್ದು ನಿಲ್ಲಬೇಕು. ನಿಜವಾದ 737ರಲ್ಲೂ ಹೀಗೇ.

ಕಾಲಿನ ರಡ್ಡರ್ ಪೆಡಲ್ ಇದ್ದವರು ಜಾಯ್‌ಸ್ಟಿಕ್ ತಿರುಚುವ ಅಕ್ಷಕ್ಕೆ ಕೊಟ್ಟ ‘ಯಾ’ (ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ಹೊಂದಾಣಿಕೆ) ತೆಗೆಯಿರಿ. ಎರಡೂ ಇದ್ದರೆ ರಡ್ಡರ್ (ಬಾಲದ ಚುಕ್ಕಾಣಿ) ಜಗ್ಗಾಡುತ್ತದೆ.

ಕೊನೆಗೆ ಎಕ್ಸ್-ಪ್ಲೇನ್ ಮುಚ್ಚಿ, ಔಟ್‌ಪುಟ್ ಫೋಲ್ಡರಿನ ಪ್ರಿಫರೆನ್ಸಸ್ ಒಳಗಿನ ‘ಕಂಟ್ರೋಲ್ ಪ್ರೊಫೈಲ್ಸ್’ ಅನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು.