ಒಂದೇ ಒಂದು ಸೆಲ್ ಕೆಂಪಾಗಬೇಕಿತ್ತು

ಗೋದಾಮಿನ ದಾಸ್ತಾನನ್ನು ಟೇಬಲ್‌ನಲ್ಲಿ ತೋರಿಸುವ ವೆಬ್ ಪುಟ ಅದು. ಉಳಿದಿರುವ ಸಂಖ್ಯೆ 10ಕ್ಕಿಂತ ಕೆಳಗಿಳಿದರೆ ಆ ಸೆಲ್ ಕೆಂಪಾಗಬೇಕು ಎಂದು ಕೇಳಿದರು. ಸಾಲು ಪೂರ್ತಿ ಬೇಡ, ಕಾಲಂ ಪೂರ್ತಿ ಬೇಡ, ಆ ಒಂದು ಸೆಲ್ ಮಾತ್ರ. ಮಧ್ಯಾಹ್ನದೊಳಗೆ ಮುಗಿಸಿಕೊಡುತ್ತೇನೆ ಎಂದೆ. ಮುಗಿಸಿಯೂ ಕೊಟ್ಟೆ. ಆಮೇಲೆ ಮೂರು ತಿಂಗಳು ಬಿಟ್ಟೂ ಬಿಡದೆ ಅದೇ ಸೆಲ್‌ನ ಬೆನ್ನು ಹತ್ತಿ ಅಲೆದೆ.

ಪುಟದ ಬಣ್ಣ, ರೂಪಗಳನ್ನು ಹೇಳುವ ಸಿಎಸ್‌ಎಸ್ ಒಂದರಿಂದಲೇ ಆಗಿಹೋಗುತ್ತದೆಯೇ ಎಂದು ಮೊದಲು ನೋಡಿದೆ. ಆಗುವುದಿಲ್ಲ. ನಿಯಮ ಪುಟದ ಯಾವ ಭಾಗಕ್ಕೆ, ಅಂದರೆ ಯಾವ ಎಲಿಮೆಂಟ್‌ಗೆ, ಎಂದು ಆರಿಸುವುದು ಸೆಲೆಕ್ಟರ್. ಎಲಿಮೆಂಟ್‌ನೊಳಗೆ ಬರೆದಿರುವ ಅಕ್ಷರಗಳನ್ನು ಓದಿ ಆರಿಸುವ ಸೆಲೆಕ್ಟರ್ ಸಿಎಸ್‌ಎಸ್‌ನಲ್ಲಿ ಇಲ್ಲ. ‘ಕಂಟೇನ್ಸ್’ ಎಂಬುದೊಂದು ಹಿಂದೆ ಕರಡಿನಲ್ಲಿತ್ತು, ಅಂತಿಮ ರೂಪಕ್ಕೆ ಬರುವ ಮೊದಲೇ ಕೈಬಿಟ್ಟರು. ಜೆಕ್ವೆರಿ ಎಂಬ ಸಿದ್ಧ ಕೋಡ್‌ನ ಸಂಗ್ರಹದಲ್ಲಿ ಆ ಹೆಸರು ಉಳಿದುಕೊಂಡದ್ದರಿಂದ ಸಿಎಸ್‌ಎಸ್‌ನಲ್ಲೂ ಇದೆ ಎಂದು ನಂಬಿದವರಿದ್ದಾರೆ, ನಾನೂ ಅವರಲ್ಲೊಬ್ಬ. ಈಚೆಗೆ ಬಂದ ‘ಹ್ಯಾಸ್’ ಸೆಲೆಕ್ಟರ್ 2023ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್‌ಗೂ ಬಂದು, ದೊಡ್ಡ ಬ್ರೌಸರ್‌ಗಳಲ್ಲೆಲ್ಲ ಸಿಗುವಂತಾಗಿದೆ. ಅದು ಕೂಡ ಒಳಗೆ ಯಾವ ಎಲಿಮೆಂಟ್ ಇದೆ ಎಂದು ನೋಡುತ್ತದೆ, ಏನು ಬರೆದಿದೆ ಎಂದು ನೋಡುವುದಿಲ್ಲ.

ಹಾಗಾಗಿ ಬ್ರೌಸರ್‌ನಲ್ಲಿ ಕೋಡ್ ನಡೆಸುವ ಭಾಷೆ, ಜಾವಾಸ್ಕ್ರಿಪ್ಟ್. ಟೇಬಲ್ ಮೂಡಿದ ಮೇಲೆ ನಾಲ್ಕನೆಯ ಕಾಲಂನ ಸೆಲ್‌ಗಳನ್ನು ಒಂದೊಂದಾಗಿ ಹಿಡಿ, ಒಳಗಿನ ಪಠ್ಯ ಓದು, ಸಂಖ್ಯೆ ಮಾಡಿಕೊ, 10ಕ್ಕಿಂತ ಕಡಿಮೆಯಿದ್ದರೆ ಕ್ಲಾಸ್ (ಸಿಎಸ್‌ಎಸ್ ನೋಡಿ ಬಣ್ಣ ಕೊಡುವ ಗುರುತಿನ ಹೆಸರು) ಹಚ್ಚು. ಆರೇ ಸಾಲಿನ ಕೋಡ್. ನನ್ನ ಪರೀಕ್ಷೆಯ ಟೇಬಲ್‌ನಲ್ಲಿ ಸೊಗಸಾಗಿ ನಡೆಯಿತು, ಯಾಕೆಂದರೆ ಆ ಟೇಬಲ್‌ನ ಸಂಖ್ಯೆಗಳನ್ನೆಲ್ಲ ತುಂಬಿದವನು ನಾನೇ.

ಮೊದಲ ದೂರು ಎರಡನೆಯ ದಿನ ಬಂತು. ಇನ್ನೂ ಎಣಿಕೆಯೇ ಆಗದ ವಸ್ತುಗಳ ಖಾಲಿ ಸೆಲ್‌ಗಳು ಕೆಂಪಾಗಿ ಉರಿಯುತ್ತಿದ್ದವು. ಪಠ್ಯವನ್ನು ಸಂಖ್ಯೆಗೆ ತಿರುಗಿಸಲು ನಾನು ಬಳಸಿದ್ದು ‘ನಂಬರ್’ ಫಂಕ್ಷನ್. ಖಾಲಿ ಪಠ್ಯ ಕೊಟ್ಟರೆ ಅದು ಸೊನ್ನೆ ಎನ್ನುತ್ತದೆ. ಸೊನ್ನೆ 10ಕ್ಕಿಂತ ಕಡಿಮೆ, ಆದ್ದರಿಂದ ಕೆಂಪು. ಅದನ್ನು ತೆಗೆದು ‘ಪಾರ್ಸ್‌ಫ್ಲೋಟ್’ ಹಾಕಿದೆ. ಖಾಲಿ ಸೆಲ್‌ಗಳು ತಣ್ಣಗಾದವು, ಆದರೆ 1,200 ಇದ್ದ ಸೆಲ್ ಕೆಂಪಾಯಿತು! ಪಾರ್ಸ್‌ಫ್ಲೋಟ್ ಅಲ್ಪವಿರಾಮ ಕಂಡಲ್ಲಿಗೆ ಓದುವುದನ್ನು ನಿಲ್ಲಿಸುತ್ತದೆ. 1,200 ಅದರ ಪಾಲಿಗೆ ಬರೀ 1. ಅಲ್ಪವಿರಾಮಗಳನ್ನು ಅಳಿಸುವ ಇನ್ನೊಂದು ಸಾಲು ಸೇರಿಸಿದೆ. ಇದರ ನಡುವೆ −5 ಎಂದು ತೋರಿಸುತ್ತಿದ್ದ ಒಂದು ಸೆಲ್, ಎಲ್ಲಕ್ಕಿಂತ ಮೊದಲು ಕೆಂಪಾಗಬೇಕಾದದ್ದು, ಶುರುವಿನಿಂದಲೂ ಬೆಳ್ಳಗೇ ಕೂತಿತ್ತು. ಅದರ ಕಾರಣ ಹುಡುಕಲು ಅರ್ಧ ದಿನ ಬೇಕಾಯಿತು. ಯಾರೋ ಅಚ್ಚುಕಟ್ಟಾಗಿ ಕಾಣಲಿ ಎಂದು ಕೀಬೋರ್ಡಿನ ಅಡ್ಡಗೆರೆಯ ಬದಲು ಯುನಿಕೋಡ್‌ನ ನಿಜವಾದ ಋಣ ಚಿಹ್ನೆ ಹಾಕಿದ್ದರು. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಜಾವಾಸ್ಕ್ರಿಪ್ಟ್‌ಗೆ ಅದು ಸಂಖ್ಯೆಯೇ ಅಲ್ಲ, ಮತ್ತು ‘ಸಂಖ್ಯೆಯಲ್ಲ’ ಎಂಬ ಆ ಮೌಲ್ಯವನ್ನು 10ಕ್ಕಿಂತ ಕಡಿಮೆಯೇ ಎಂದು ಕೇಳಿದರೂ ಅಲ್ಲ, ಹೆಚ್ಚೇ ಎಂದು ಕೇಳಿದರೂ ಅಲ್ಲ. ದೋಷದ ಸಂದೇಶವೂ ಬರುವುದಿಲ್ಲ; ಬಣ್ಣ ಬಾರದೆ ಸುಮ್ಮನಿರುತ್ತದೆ.

ಮೂರು ತೇಪೆ ಹಾಕಿದ ಮೇಲೆ ಬಟ್ಟೆಯೇ ಸರಿಯಿಲ್ಲ ಎಂದು ಹೊಳೆಯಿತು. ಸೆಲ್‌ನಲ್ಲಿರುವುದು ಜನ ಓದಲೆಂದು ಸಿಂಗರಿಸಿದ ಪಠ್ಯ. ಸರ್ವರ್‌ನಿಂದ ಸಂಖ್ಯೆ ಸಂಖ್ಯೆಯಾಗಿಯೇ ಬಂದಿತ್ತು; ನಾವೇ ಅದಕ್ಕೆ ಅಲ್ಪವಿರಾಮ ತೊಡಿಸಿ, ಚಿಹ್ನೆ ಬದಲಿಸಿ, ಆಮೇಲೆ ಆ ವೇಷದ ಒಳಗೆ ಯಾರಿದ್ದಾರೆ ಎಂದು ಊಹಿಸುತ್ತಿದ್ದೆವು. ನಾಳೆ ಪುಟವನ್ನು ಇನ್ನೊಂದು ಭಾಷೆಗೆ ತಂದರೆ, ‘ಬಾಕಿ’ಯಂಥ ಪದ ಹುಡುಕಿ ಬಣ್ಣ ಹಚ್ಚುವ ಯಾವ ಕೋಡ್ ಆದರೂ ಅಲ್ಲಿಗೇ ಸತ್ತಂತೆ. ನಾಲ್ಕನೆಯ ಕಾಲಂ ಎಂದು ಲೆಕ್ಕ ಹಿಡಿದದ್ದೂ ಅಂಥದೇ ತಪ್ಪು. ಬಳಕೆದಾರರು ಒಂದು ಕಾಲಂ ಮರೆಮಾಡಿದ ದಿನ ಬೆಲೆಯ ಕಾಲಂ ಕೆಂಪಾಗಿತ್ತು.

ಆ ಕೋಡನ್ನು ಪೂರ್ತಿ ಕಿತ್ತುಹಾಕಿದೆ. ಈಗ ಸೆಲ್ ರಚಿಸುವ ಜಾಗದಲ್ಲೇ, ಮೂಲ ದತ್ತಾಂಶ ಇನ್ನೂ ಕೈಯಲ್ಲಿರುವಾಗಲೇ, ಒಂದು ಸಣ್ಣ ಫಂಕ್ಷನ್ ಸ್ಥಿತಿಗೆ ಹೆಸರಿಡುತ್ತದೆ: ಕಡಿಮೆ, ಸಾಕಷ್ಟು, ಎಣಿಸಿಲ್ಲ. ಆ ಹೆಸರು ಸೆಲ್‌ನ ಒಂದು ಡೇಟಾ ಅಟ್ರಿಬ್ಯೂಟ್‌ಗೆ, ಅಂದರೆ ಸೆಲ್‌ಗೆ ಅಂಟಿಸಿದ ಕಣ್ಣಿಗೆ ಕಾಣದ ಚೀಟಿಗೆ, ಹೋಗುತ್ತದೆ. ಸಿಎಸ್‌ಎಸ್ ಆ ಅಟ್ರಿಬ್ಯೂಟ್ ನೋಡಿ ಬಣ್ಣ ಕೊಡುತ್ತದೆ. ಕೆಂಪು ಎಂಬ ಮಾತು ಜಾವಾಸ್ಕ್ರಿಪ್ಟ್‌ನಲ್ಲಿ ಎಲ್ಲೂ ಇಲ್ಲ, 10 ಎಂಬ ಮಾತು ಸಿಎಸ್‌ಎಸ್‌ನಲ್ಲಿ ಎಲ್ಲೂ ಇಲ್ಲ. ಕ್ಲಾಸ್ ಬಿಟ್ಟು ಅಟ್ರಿಬ್ಯೂಟ್ ಯಾಕೆ ಎಂದರೆ, ಅಟ್ರಿಬ್ಯೂಟ್‌ಗೆ ಒಂದು ಸಲಕ್ಕೆ ಒಂದೇ ಮೌಲ್ಯ. ಹೊಸದನ್ನು ಬರೆದರೆ ಹಳೆಯದು ತಾನಾಗಿ ಹೋಗುತ್ತದೆ. ಕ್ಲಾಸ್ ಆದರೆ ಹಚ್ಚುವುದೂ ನನ್ನ ಕೆಲಸ, ತೆಗೆಯುವುದೂ ನನ್ನ ಕೆಲಸ, ಎರಡನೆಯದನ್ನು ಮರೆಯುವುದು ನನ್ನ ಸ್ವಭಾವ.

ಈ ಮರೆವಿಗೆ ದಂಡ ಕಟ್ಟಿದ್ದು ದೊಡ್ಡ ಟೇಬಲ್‌ನಲ್ಲಿ. ಸಾವಿರಾರು ಸಾಲುಗಳಿದ್ದಾಗ ತೆರೆಯ ಮೇಲೆ ಕಾಣುವಷ್ಟನ್ನೇ ರಚಿಸಿ, ಸ್ಕ್ರಾಲ್ ಮಾಡಿದಂತೆ ಅದೇ ಸೆಲ್‌ಗಳಿಗೆ ಹೊಸ ಮೌಲ್ಯ ತುಂಬುವುದು ರೂಢಿ. ನಾವೂ ಹಾಗೇ ಮಾಡಿದ್ದೆವು. ಕ್ಲಾಸ್ ಹಚ್ಚುತ್ತಿದ್ದ ಕಾಲದಲ್ಲಿ ಮೇಲಿನ ಸಾಲಿನ ಕೆಂಪು ಸೆಲ್ ಕೆಳಗೆ ಹೋಗಿ 500 ಎಂದು ತೋರಿಸುತ್ತಾ ಕೆಂಪಾಗಿಯೇ ಉಳಿಯುತ್ತಿತ್ತು. ಮೇಲೆ ಕೆಳಗೆ ನಾಲ್ಕು ಸಲ ಓಡಾಡಿದರೆ ಟೇಬಲ್‌ಗೆ ಸೀತಾಳೆ ಎದ್ದಂತೆ ಕಾಣುತ್ತಿತ್ತು. ಸಿದ್ಧ ಗ್ರಿಡ್ (ಟೇಬಲ್ ಮಾಡಿಕೊಡುವ ಸಿದ್ಧ ಕೋಡ್) ಬಳಸುವವರು ಇದೊಂದನ್ನು ನೋಡಿಕೊಳ್ಳಬೇಕು: ಬಣ್ಣದ ಕೋಡ್ ನಡೆಯುವುದು ಸೆಲ್ ಹುಟ್ಟಿದಾಗ ಮಾತ್ರವೋ, ಮೌಲ್ಯ ಬದಲಾದಾಗಲೂ ನಡೆಯುತ್ತದೆಯೋ? ಅಂಥ ಗ್ರಿಡ್‌ಗಳಲ್ಲೊಂದಾದ ಡೇಟಾಟೇಬಲ್ಸ್‌ನ ‘ಕ್ರಿಯೇಟೆಡ್‌ಸೆಲ್’ ಹುಟ್ಟಿದಾಗ ಮಾತ್ರ. ಎಜಿ ಗ್ರಿಡ್‌ನ ‘ಸೆಲ್‌ಕ್ಲಾಸ್‌ರೂಲ್ಸ್’ ಷರತ್ತು ಸುಳ್ಳಾದಾಗ ಕ್ಲಾಸನ್ನು ತಾನೇ ತೆಗೆಯುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದು ವಿಚಿತ್ರ ಉಳಿದಿತ್ತು. ಬೆಸ ಸಾಲುಗಳಲ್ಲಿ ಕೆಂಪು ಬರುತ್ತಿತ್ತು, ಸಮ ಸಾಲುಗಳಲ್ಲಿ ಇಲ್ಲ. ದತ್ತಾಂಶ ನೋಡಿದೆ, ಸರಿ. ಅಟ್ರಿಬ್ಯೂಟ್ ನೋಡಿದೆ, ಸರಿ. ಬ್ರೌಸರ್‌ನ ಡೆವಲಪರ್ ಟೂಲ್ ತೆರೆದು ನೋಡಿದರೆ ನನ್ನ ಕೆಂಪಿನ ಮೇಲೆ ಅಡ್ಡಗೆರೆ ಎಳೆದಿತ್ತು, ಅಂದರೆ ಬೇರೊಂದು ನಿಯಮ ಅದನ್ನು ತಳ್ಳಿಹಾಕಿತ್ತು. ಓದಲು ಹಗುರವಾಗಲಿ ಎಂದು ಸಾಲು ಬಿಟ್ಟು ಸಾಲಿಗೆ ತಿಳಿಬೂದು ಕೊಡುವ ನಿಯಮವೊಂದು ಮೊದಲಿನಿಂದಲೂ ಇತ್ತು. ಅದರ ಸೆಲೆಕ್ಟರ್‌ನಲ್ಲಿ ಸಾಲಿನ ಟ್ಯಾಗ್, ಸಮ ಸಾಲುಗಳನ್ನು ಆರಿಸುವ ‘ಎನ್‌ತ್-ಚೈಲ್ಡ್’, ಸೆಲ್‌ನ ಟ್ಯಾಗ್ ಮೂರೂ ಇದ್ದವು. ನನ್ನದರಲ್ಲಿ ಬರೀ ಒಂದು ಅಟ್ರಿಬ್ಯೂಟ್. ಎರಡು ನಿಯಮಗಳು ಒಂದೇ ಸೆಲ್‌ಗೆ ಬಡಿದಾಡಿದರೆ ಸೆಲೆಕ್ಟರ್‌ನ ತೂಕ ಹೆಚ್ಚಿರುವುದು ಗೆಲ್ಲುತ್ತದೆ. ಆ ತೂಕದಲ್ಲಿ ನಾನು ಸೋತಿದ್ದೆ. ನನ್ನ ನಿಯಮ ಕಡತದಲ್ಲಿ ಆಮೇಲೆ ಬರುತ್ತದೆ ಎಂಬುದಕ್ಕೆ ಅಲ್ಲಿ ಬೆಲೆಯಿಲ್ಲ. ತೂಕ ನೋಡದೆ ಗೆಲ್ಲಿಸುವ ‘ಇಂಪಾರ್ಟೆಂಟ್’ ಹಾಕಿ ಗೆಲ್ಲಬಹುದಿತ್ತು. ಹಾಕಲಿಲ್ಲ, ಅದರ ಮೇಲೆ ಇನ್ನೊಬ್ಬರು ಇನ್ನೊಂದನ್ನು ಹಾಕುತ್ತಾರೆ, ಅಲ್ಲಿಂದ ಜಗಳ ಶುರು. ಬೂದುಬಣ್ಣದ ಸೆಲೆಕ್ಟರನ್ನು ‘ವೇರ್’ ಒಳಗೆ ಇಟ್ಟೆ. ಅದರೊಳಗೆ ಏನೇ ಇಟ್ಟರೂ ತೂಕ ಸೊನ್ನೆ. ಅಲಂಕಾರದ ನಿಯಮ ಅರ್ಥದ ನಿಯಮಕ್ಕೆ ದಾರಿ ಬಿಟ್ಟಿತು.

ಅಂಚಿನ ಗೆರೆಯ ಬಗ್ಗೆ ಒಂದೇ ಮಾತು. ಬಾರ್ಡರ್‌ಗಳನ್ನು ಕೂಡಿಸಿದ ಟೇಬಲ್‌ನಲ್ಲಿ ಪಕ್ಕದ ಸೆಲ್‌ಗೂ ಗೆರೆ ಅದೇ. ಒಂದೇ ಸೆಲ್‌ಗೆ ಚೌಕಟ್ಟು ಬೇಕಾದರೆ ನಾನು ಬಾರ್ಡರ್ ಮುಟ್ಟದೆ ಒಳಮುಖದ ಬಾಕ್ಸ್-ಶ್ಯಾಡೋ (ಸೆಲ್‌ನ ಒಳಗೇ ಮೂಡುವ ನೆರಳು) ಹಾಕುತ್ತೇನೆ.

ಒಂದು ದಿನ ಗೋದಾಮು ನೋಡಿಕೊಳ್ಳುವವರ ಜೊತೆ ಕೂತಿದ್ದೆ. ಅವರು ಪುಟ ತೆರೆದರು, ಪ್ರಿಂಟ್ ಒತ್ತಿದರು, ಕಾಗದ ಹಿಡಿದು ಕಪಾಟುಗಳ ಕಡೆ ಹೊರಟರು. ಕಾಗದದಲ್ಲಿ ಒಂದೂ ಕೆಂಪಿರಲಿಲ್ಲ. ಬ್ರೌಸರ್‌ಗಳು ಮುದ್ರಿಸುವಾಗ ಹಿನ್ನೆಲೆಯ ಬಣ್ಣವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಮೂರು ತಿಂಗಳ ನನ್ನ ಸಾಹಸ ಅವರ ಕೈಗೆ ಒಮ್ಮೆಯೂ ತಲುಪಿರಲಿಲ್ಲ. ‘ನೀವು ಏನೋ ಬಣ್ಣ ಹಾಕಿದ್ದೀರಂತೆ’ ಎಂದರು, ಮರ್ಯಾದೆಯಿಂದಲೇ.

ಅಂದೇ ಸಂಖ್ಯೆಯ ಪಕ್ಕದಲ್ಲಿ ‘ಕಡಿಮೆ’ ಎಂಬ ಪದವನ್ನು ಸೇರಿಸಿದೆ. ಬಣ್ಣವೊಂದರಿಂದಲೇ ಮಾಹಿತಿ ಹೇಳಬಾರದು ಎಂದು ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಲಿ ಎಂಬ ಮಾರ್ಗಸೂಚಿಯಾದ ಡಬ್ಲ್ಯೂಸಿಎಜಿಯ 1.4.1ನೇ ಅಂಶ ಹೇಳುವುದು ನನಗೆ ಗೊತ್ತಿತ್ತು, ಕೆಂಪು ಹಸಿರು ಬೇರೆಬೇರೆಯಾಗಿ ಕಾಣದವರಿಗಾಗಿ ಎಂದು ಓದಿ ಮುಂದಿನ ಆವೃತ್ತಿಗೆ ಎಂದು ಬದಿಗಿಟ್ಟಿದ್ದೆ. ಆ ಒಂದು ಪದ ಕಾಗದಕ್ಕೂ ಆಯಿತು, ಅವರಿಗೂ ಆಯಿತು, ಪುಟವನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೂ ಆಯಿತು. ಗಾಢ ಕೆಂಪಿನ ಮೇಲಿನ ಕಪ್ಪು ಅಕ್ಷರವೂ ಕಣ್ಣಿಗೆ ಕಷ್ಟವಾಗಿತ್ತು. ಅಕ್ಷರ ಮತ್ತು ಹಿನ್ನೆಲೆಯ ವ್ಯತ್ಯಾಸ ಕನಿಷ್ಠ 4.5:1 ಇರುವಂತೆ ತಿಳಿಗೆಂಪಿಗೆ ಬದಲಿಸಿದೆ.

ಬಣ್ಣದ ರುಚಿ ಹತ್ತಿದ ಮೇಲೆ ಎಲ್ಲರಿಗೂ ಬಣ್ಣ ಬೇಕಾಯಿತು. ಆರ್ಡರ್ ಹೋಗಿದ್ದರೆ ನೀಲಿ, ತಡವಾಗಿದ್ದರೆ ಕಿತ್ತಳೆ, ಈ ವಾರ ಎಣಿಸಿದ್ದರೆ ಹಸಿರು. ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಕೇಳಿದೆ: ‘ಈ ಬಣ್ಣ ಕಂಡರೆ ನೀವು ಏನು ಮಾಡುತ್ತೀರಿ?’ ಹಸಿರು ಕೇಳಿದವರು ಸ್ವಲ್ಪ ಯೋಚಿಸಿ, ‘ಏನೂ ಇಲ್ಲ, ಸಮಾಧಾನವಾಗುತ್ತದೆ’ ಎಂದರು. ಎರಡು ಬಣ್ಣ ಉಳಿದವು. ಮೊಳೆಗಳು 10 ಉಳಿದರೆ ಮುಗಿದಂತೆಯೇ, ಮೋಟಾರುಗಳು 10 ಉಳಿದರೆ ಧಾರಾಳ ಎಂದು ಗೋದಾಮಿನವರೇ ತೋರಿಸಿಕೊಟ್ಟ ಮೇಲೆ ಆ 10 ಕೂಡ ಕೋಡ್‌ನಿಂದ ಎದ್ದು ಪ್ರತಿ ವಸ್ತುವಿನ ದಾಖಲೆಗೆ ಹೋಯಿತು.

ಕಳೆದ ವಾರ ಹೊಸ ಬೇಡಿಕೆ ಬಂತು. ಸೆಲ್ ಸಾಲದು, ಕಡಿಮೆ ಇರುವ ವಸ್ತುವಿನ ಸಾಲು ಪೂರ್ತಿ ಬಣ್ಣವಾಗಬೇಕಂತೆ. ಮೊದಲು ಕೆಲಸಕ್ಕೆ ಬಾರದೆ ಬದಿಗೆ ಸರಿಸಿದ್ದ ‘ಹ್ಯಾಸ್’ ಈಗ ಒದಗಿತು: ‘ಕಡಿಮೆ’ ಎಂಬ ಅಟ್ರಿಬ್ಯೂಟ್ ಇರುವ ಸೆಲ್ ಯಾವ ಸಾಲಿನೊಳಗಿದೆಯೋ ಆ ಸಾಲು. ಸಿಎಸ್‌ಎಸ್‌ನಲ್ಲಿ ಒಂದೇ ನಿಯಮ, ಜಾವಾಸ್ಕ್ರಿಪ್ಟ್ ಮುಟ್ಟಲೇ ಇಲ್ಲ. ಹತ್ತು ನಿಮಿಷದಲ್ಲಿ ಮುಗಿಯಿತು. ಆದರೂ ಮೂರು ದಿನ ಬೇಕು ಎಂದು ಹೇಳಿ, ಮೊದಲು ಒಂದು ಪ್ರಿಂಟ್ ತೆಗೆದು ನೋಡಿದೆ.